ಕಾಳವ್ವಕ್ಕ ಆರಿಸಿದ ತಂಪಿನ ಮಸೀನ

ಗಾಡಿಯ ಮಾಳಿಗೆ ಮೇಲೆ ತಂಪಿನ ಮಸೀನ ಕೂರಿಸುತ್ತಾರೆ ಅಂತ ನಾನು ಮೊದಲ ಸಲ ಕೇಳಿದ್ದು ತೊಂಬತ್ತೆರಡರ ಬೇಸಿಗೆಯಲ್ಲಿ. ನನ್ನ ಗಂಡನ ಅಣ್ಣ ಧರೆಪ್ಪ ಐನಾಪುರದಿಂದ ಕೊಲ್ಹಾಪುರಕ್ಕೆ ದ್ರಾಕ್ಷಿ ಹಾಕಿ ಬಂದವರು, ಚಪ್ಪಲಿ ಬಿಡುವ ಮೊದಲೇ ಹೇಳಿದರು: "ಸಿನೆಮಾದವ್ರ ಗಾಡಿ ನೋಡಿ ಬಂದ್ನಿ. ಹೊರಗ ಉರಿ ಬಿಸಲ, ಒಳಗ ಹೊದ್ಕೊಂಡ ಮಕ್ಕೊಂಡಾರ!"

ರೊಟ್ಟಿ ಬಡಿಯುತ್ತಿದ್ದ ಅವರ ಹೆಂಡತಿ, ನನ್ನ ನೆಗೆಣ್ಣಿ ಕಾಳವ್ವಕ್ಕನ ಕೈ ನಿಂತಿತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಹಂಗಾರ ನಾ ಕಾಶಿಗಿ ಹೋಗಾಕಿ."

ಕಾಶಿ ಅಕ್ಕನ ಹಳೇ ಆಸೆ, ಆದರೆ ಅವಳಿಗೆ ದಮ್ಮು. ಮದುವೆಗೆ ಮೊದಲು ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ದುಡಿದವಳು, ಆ ಧೂಳು ಎದೆ ಬಿಟ್ಟು ಹೋಗಲೇ ಇಲ್ಲ. ದ್ರಾಕ್ಷಿ ತೋಟದವರಿಗೆ ಬಿಡುವು ಸಿಗುವುದೇ ಕಡುಬೇಸಿಗೆಯಲ್ಲಿ. ಆ ಬಿಸಿಲಲ್ಲಿ ತಗಡಿನ ಗಾಡಿಯೊಳಗೆ ಕಾಶಿಗೆ ಹೋದರೆ ಜೀವಂತ ಬರುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. ಭಾವನೂ ಅದನ್ನೇ ಹಿಡಿದಿದ್ದರು. ಈಗ ಅವರ ಬಾಯಿಂದಲೇ ದಾರಿ ಬಿದ್ದಿತ್ತು.

ದ್ರಾಕ್ಷಿ ಹೇರುವ ಮಟಾಡೋರ್ ಗಾಡಿಯಲ್ಲಿ ಮಂಚ, ಸ್ಟೋವು ಇಡಿಸಿ ಅಕ್ಕ ಅದನ್ನು ಮನೆ ಮಾಡಿದಳು.

"ಸತ್ತೆವ್ವಾ, ನೀನೂ ಬರ್ಬೇಕ," ಅಂದಳು ನನಗೆ.

"ಗಂಡ ಸತ್ತಾಕಿ ನಾ, ಮಂದಿ ಏನಂದಾರು?"

"ಮಂದಿನ್ನ ಕರ್ಯಾಕತ್ತಿಲ್ಲ. ನಿನ್ನ ಕರ್ಯಾಕತ್ತೀನಿ."

ನಿಪ್ಪಾಣಿಯ ಮಿಸ್ತ್ರಿ ದಾದಾಸಾಹೇಬನ ಹತ್ತಿರ ಸಿನೆಮಾ ಗಾಡಿಗಳಿಂದ ಬಿಚ್ಚಿದ ಎರಡು ಎ.ಸಿ. ಇದ್ದವು, ಓಡಿಸಲು ಜನರೇಟರೂ ಇತ್ತು. ಮಟಾಡೋರಿನ ಮಾಳಿಗೆ ಕೊರೆದು ಮೊದಲು ದೊಡ್ಡದನ್ನು ಕೂರಿಸಿದ.

"ವಹಿನಿ, ಇದನ್ನ ತಗೋರಿ. ಬರ್ಫದಂಗ ಕೊರಿತೈತಿ."

"ಹೌದ, ದೊಡ್ಡದ ಇರ್ಲಿ," ಭಾವ ಮೀಸೆ ತಿರುವಿದರು. "ಮಂದಿ ನೋಡಬೇಕ."

"ಮಂದಿ ನೋಡೋದ ಹೊರಗ. ಉಸರಾಡೋದ ನಾ, ಒಳಗ."

ಅಂದು ಅಡ್ಡಮಳೆ ಬಿದ್ದು ಗಾಳಿ ಹಸಿಯಾಗಿತ್ತು. ಬಿಸಿಲಿನಷ್ಟೇ ಆ ಹಸಿಗಾಳಿಯೂ ಅಕ್ಕನ ವೈರಿ. ಮನೆಯಿಂದ ಡಬ್ಬಿಯಲ್ಲಿ ತಂದಿದ್ದ ಸುಟ್ಟ ಹಪ್ಪಳ ಒಂದನ್ನು ತಾಟಿನಲ್ಲಿಟ್ಟು, ಬಾಗಿಲು ಹಾಕಿ, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು. ದೊಡ್ಡ ಮಸೀನ ಗುಡುಗಿ, ಹಲ್ಲು ಕಟಕಟ ಅನ್ನುವಷ್ಟು ತಂಪು ಮಾಡಿ, ಗಪ್ಪನೆ ನಿಂತಿತು. ಮತ್ತೆ ಗುಡುಗಿತು, ಮತ್ತೆ ನಿಂತಿತು. ಕಾಳು ತುಂಬುವ ನೆಲದ ಹಗೇವಿನೊಳಗೆ ಇಳಿದ ಹಾಗೆ ಹಸಿಹಸಿಯಾಗಿತ್ತು ಆ ತಂಪು. ಅಕ್ಕನ ಎದೆ ಸುಂಯ್ ಅನ್ನತೊಡಗಿತು. ಹಪ್ಪಳ ಎತ್ತಿದಳು, ಅದು ಹಸಿ ಕುಡಿದು ಅರಿವೆಯಂತೆ ಬಾಗಿತು.

"ಇಳಸ ಇದನ್ನ!"

ದಾದಾಸಾಹೇಬ ಬಿದ್ದು ಬಿದ್ದು ನಕ್ಕ. "ಎ.ಸಿ. ಪರೀಕ್ಷಾ ಹಪ್ಪಳದಾಗ ಮಾಡೋರ್ನ ಇವತ್ತ ಕಂಡ್ನಿ!"

"ನಿನ್ನ ಮಸೀನ ಪಾಸಾಗ್ಲಿ, ನಿನಗೂ ಒಂದ ಕೊಡ್ತೀನಿ."

ಆಮೇಲೆ ಕೂರಿಸಿದ ಸಣ್ಣದು ಗುಡುಗಲಿಲ್ಲ. ಬೀಸುವ ಕಲ್ಲಿನಂತೆ ಒಂದೇ ಸಮ ಗುನುಗಿತು. ತಂಪು ಮೆಲ್ಲಗೆ ಬಂತು. ಹೊರಗೆ ಮಾಳಿಗೆಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

"ನೋಡ ಬೇ, ಗಾಳ್ಯಾಗಿನ ಹಸಿ ಹಿಂಡಿ ಹೊರಗ ಚೆಲ್ಲಾಕತ್ತೈತಿ," ಅಂದಳು ಅಕ್ಕ. ಉಸಿರು ಸರಾಗವಾಗಿತ್ತು. ತಾಟಿನಲ್ಲಿಟ್ಟಿದ್ದ ಎರಡನೇ ಹಪ್ಪಳ ಕಟ್ ಅಂತ ಮುರಿಯಿತು. ಅರ್ಧ ದಾದಾಸಾಹೇಬನ ಕೈಗೆ ಕೊಟ್ಟಳು.

ಕಾಶಿಗೆ ಹೋದೆವು, ಬಂದೆವು. ಮಧ್ಯಾಹ್ನವೆಲ್ಲ ಅಕ್ಕ ಆ ಮಸೀನಿನ ಕೆಳಗೆ ನಿದ್ದೆ ಮಾಡಿದಳು, ಗಂಗೆಯಲ್ಲಿ ನನ್ನ ಕೈ ಹಿಡಿದು ಮುಳುಗಿದಳು, ಎದ್ದವಳೇ "ಮುಂದಿನ ಸಲ ದ್ವಾರಕಾಕ್ಕ" ಅಂದಳು. ಮುಂದಿನ ಮಳೆಗಾಲಗಳನ್ನೂ ಅಂಗಳದಲ್ಲಿ ನಿಂತ ಆ ಗಾಡಿಯೊಳಗೇ ಮಲಗಿ ದಾಟಿದಳು.

ತೊಂಬತ್ತೆಂಟರ ಮಳೆಗಾಲ ಮಾತ್ರ ಅವಳನ್ನು ಬಿಡಲಿಲ್ಲ. ಕೊನೆಯ ದಿನ, ಮಾತು ಮಾತಿಗೂ ಉಸಿರು ಕೂಡಿಸಿಕೊಂಡು ನನಗೆ ಹೇಳಿದಳು:

"ಸತ್ತೆವ್ವಾ, ಈ ಸಲ ಹಪ್ಪಳ ಹೆಚ್ಚಿಗಿ ಮಾಡ ಬೇ. ದ್ವಾರಕಾ ದೂರ ಐತಿ."