ದಸ್ತಗೀರ ಕಾಕಾ ಪಾಲಿಶ್ ಹಿಡಿದ ಕಲ್ಲು

ಕಲ್ಲಿಗೂ ಮನಸ್ಸಿರುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಅವರ ಮುಖದೆದುರೇ ನಗುತ್ತಿದ್ದೆ. ಇಳಕಲ್ಲಿನಲ್ಲಿ ಹುಟ್ಟಿ, ಕಲ್ಲಿನ ಧೂಳು ಕುಡಿದೇ ಬೆಳೆದವನು ನಾನು. ಕಲ್ಲು ಕೊಯ್ದರೆ ಕೊಯ್ಯಿಸಿಕೊಳ್ಳುತ್ತದೆ, ಬಿದ್ದರೆ ಒಡೆಯುತ್ತದೆ, ಅಷ್ಟೇ. ಇಂಥ ನನಗೆ ನಾಲ್ಕು ವರ್ಷದ ಹಿಂದೆ ಮಲೇಷ್ಯಾದ ಮೆಲಾಕಾದಲ್ಲಿ ಆದದ್ದನ್ನು ಹೇಳುತ್ತೇನೆ. ನಂಬಲೇಬೇಕೆಂಬ ಒತ್ತಾಯವಿಲ್ಲ. ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಆಗ ನಾನು ಪುಚೊಂಗ್‌ನ ಒಂದು ಕಲ್ಲಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮೆಲಾಕಾದಲ್ಲಿ ಮೆಡಿಕಲ್ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದ ಉಡುಪಿಯ ಡಾಕ್ಟರೊಬ್ಬರು ಹೊಸ ಮನೆ ಕಟ್ಟಿಸುತ್ತಿದ್ದರು. ಅವರಿಗೆ ಹಳೆಯ ರೋಮಿನ ಹುಚ್ಚು. ಆ ಸಾಮ್ರಾಜ್ಯದ ಕೊನೆಗಾಲದ ಸಿರಿವಂತರು ಹಳ್ಳಿಗಾಡಿನ ಬಂಗಲೆಗಳಲ್ಲಿ ಊಟದ ಕೋಣೆಯನ್ನು ಹೇಗೆ ಸಿಂಗರಿಸುತ್ತಿದ್ದರೆಂದು ಚಿತ್ರ ತೋರಿಸಿ ತೋರಿಸಿ ನನ್ನ ತಲೆ ತಿಂದಿದ್ದರು. ನೆಲಕ್ಕೆ ನೇರಳೆ, ಹಸಿರು, ಹಳದಿ ಕಲ್ಲುತುಂಡುಗಳ ಚಿತ್ತಾರ. ಗೋಡೆಗೆ ಒಂದೇ ಅಮೃತಶಿಲೆಯ ಬಂಡೆಯಿಂದ ಕೊಯ್ದ ಎರಡು ತೆಳು ಸ್ಲ್ಯಾಬು, ತೆರೆದಿಟ್ಟ ಪುಸ್ತಕದ ಎರಡು ಪುಟಗಳಂತೆ. ಒಂದರ ಗೆರೆ ಇನ್ನೊಂದರಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುಗಿ ನಡುವೆ ಬಂದು ಕೂಡಬೇಕು.

ಇದರಲ್ಲಿ ಒಂದು ಸೂಕ್ಷ್ಮವಿದೆ. ಒಂದು ಸ್ಲ್ಯಾಬಿನ ಮುಂದಿನ ಮೈಗೆ ಪಾಲಿಶ್ ಹಿಡಿದರೆ ಅದರ ಜೋಡಿಯ ಹಿಂದಿನ ಮೈಗೆ ಹಿಡಿಯಬೇಕು. ಎರಡಕ್ಕೂ ಒಂದೇ ಮೈಗೆ ಹಿಡಿದರೋ, ಮುಗಿಯಿತು. ತಲೆಕೆಳಗು ನಿಲ್ಲಿಸಿದರೂ ಗೆರೆ ಕೂಡುವುದಿಲ್ಲ. ಇನ್ನೊಂದು ಮೈಗೆ ಕಲ್ಲು ಒಡೆಯದಂತೆ ಜಾಲರಿ ಅಂಟಿಸಿಬಿಡುವುದರಿಂದ ಆಮೇಲೆ ತಿದ್ದುವುದೂ ಆಗದ ಮಾತು.

ಪಾಲಿಶ್ ಹಿಡಿದವರು ದಸ್ತಗೀರ ಕಾಕಾ. ನಮ್ಮೂರಿನವರೇ. ನನ್ನ ಕೈಹಿಡಿದು ಈ ಕೆಲಸ ಕಲಿಸಿದವರು. ಮಲೇಷ್ಯಾಕ್ಕೆ ಅವರನ್ನು ಕರೆಸಿಕೊಂಡವನು ನಾನೇ. ಆ ತಿಂಗಳು ಅವರ ಕೆಲಸದ ಪರ್ಮಿಟ್ ಮುಗಿಯುತ್ತಿತ್ತು. ಅವರು ಇನ್ನೂ ಬೇಕೋ ಬೇಡವೋ ಎಂದು ಕಂಪನಿಗೆ ಬರೆದುಕೊಡಬೇಕಾದವನೂ ನಾನೇ.

ಸ್ಲ್ಯಾಬುಗಳನ್ನು ಡಾಕ್ಟರ ಮನೆಗೆ ಒಯ್ದು ಊಟದ ಕೋಣೆಯ ಗೋಡೆಗೆ ಒರಗಿಸಿ ನೋಡಿದೆವು. ಗೆರೆ ಕೂಡಲಿಲ್ಲ. ಎರಡರಲ್ಲೂ ಒಂದೇ ದಿಕ್ಕಿಗೆ ಇಳಿದಿತ್ತು. ನನಗೆ ಪಿತ್ತ ನೆತ್ತಿಗೇರಿತು. ಜೊತೆಗೆ ಬಂದಿದ್ದ ಕಾಕಾರನ್ನು ಅಷ್ಟೂ ಕೆಲಸಗಾರರ ಮುಂದೆ ಬಾಯಿಗೆ ಬಂದಂತೆ ಬೈದೆ. "ಕಣ್ಣ ಕಾಣಸಲಿಲ್ಲಂದ್ರ ಮನ್ಯಾಗ ಕೂಡ್ರಬೇಕ್ರಿ" ಎಂದೂ ಅಂದುಬಿಟ್ಟೆ. ಕಾಕಾ ಎರಡೂ ಸ್ಲ್ಯಾಬಿನ ಮೇಲೆ ಕೈಯಾಡಿಸಿ, "ತಪ್ಪಾಗೇತಿ ತಮ್ಮಾ" ಎಂದಷ್ಟೇ ಹೇಳಿ ಹೊರಗೆ ಹೋದರು. ಅಂದು ಸಂಜೆಯೇ ಅವರು ಬೇಡವೆಂದು ಬರೆದುಕೊಟ್ಟೆ. ಸ್ಲ್ಯಾಬುಗಳಿದ್ದ ಕೋಣೆಗೆ ಬೀಗ ಹಾಕಿ ಬೀಗದ ಕೈಯನ್ನು ನನ್ನ ಬಳಿಯೇ ಇಟ್ಟುಕೊಂಡೆ.

ಎರಡು ವಾರದ ನಂತರ ಕಾಕಾ ವಿಮಾನ ಹತ್ತಿದರು. ಕೆಲಸದ ನೆಪ ಹೇಳಿ ನಾನು ಬೀಳ್ಕೊಡಲೂ ಹೋಗಲಿಲ್ಲ. ಅದಾಗಿ ಎರಡು ದಿನಕ್ಕೆ, ಸ್ಲ್ಯಾಬುಗಳನ್ನು ವಾಪಸ್ಸು ತರೋಣವೆಂದು ಮೆಲಾಕಾಗೆ ಹೋಗಿ ಬೀಗ ತೆಗೆದೆ. ಬೆಳಗಿನ ಬಿಸಿಲು ನೇರ ಗೋಡೆಗೆ ಬಿದ್ದಿತ್ತು. ಗೆರೆಗಳು ಕೂಡಿದ್ದವು.

ಕೂಡಿದ್ದವು ಎಂದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಯಾರೋ ಸ್ಲ್ಯಾಬು ಬದಲಿಸಿರಬೇಕೆಂದು ಹಿಂದೆ ಇಣುಕಿದೆ. ಜಾಲರಿ ಅಂಟಿದ್ದು ಅಂಟಿದಂತೆಯೇ ಇತ್ತು, ಅದರ ಮೇಲೆ ಕಾಕಾ ಕೈಯಾರೆ ಬರೆದ ನಂಬರೂ ಇತ್ತು. ಇಳಿಸುವಾಗ ಮುಕ್ಕಾಗಿದ್ದ ಮೂಲೆಯೂ ಇದ್ದಲ್ಲೇ ಇತ್ತು. ಮೊಬೈಲಿನಲ್ಲಿ ಮೊದಲ ದಿನ ನಾನೇ ತೆಗೆದ ಫೋಟೋ ತೆರೆದೆ. ಅದರಲ್ಲಿ ಗೆರೆ ಕೂಡಿರಲಿಲ್ಲ. ಅಷ್ಟರಲ್ಲಿ ಡಾಕ್ಟರು ಬಂದವರು, "ಎಂತ ಚಂದ ಉಂಟು ಮಾರಾಯ್ರೆ! ಇದನ್ನು ಸರಿ ಇಲ್ಲ ಅಂತ ಯಾಕೆ ಹೇಳಿದ್ರಿ ನೀವು?" ಎಂದರು.

ಅಲ್ಲೇ ನೆಲದ ಮೇಲೆ ಕುಳಿತು ಇಳಕಲ್ಲಿಗೆ ಫೋನ್ ಮಾಡಿದೆ. ಗೆರೆ ಕೂಡ್ಯಾವ್ರಿ ಕಾಕಾ, ನಿಮ್ಮ ತಪ್ಪಿಲ್ಲ, ನಾನೇ ಸರಿಯಾಗಿ ನೋಡಲಿಲ್ಲ, ವಾಪಸ್ಸು ಬರ್ರಿ ಎಂದು ಒಂದೇ ಉಸಿರಿಗೆ ಹೇಳಿದೆ. ಕಾಕಾ ಅಂದರು:

"ಹುಚ್ಚ ಹಿಡದೈತೇನು ನಿನಗ? ಎರಡಕ್ಕೂ ಒಂದ ಮೈಗೆ ಪಾಲಿಶ್ ಹಿಡದಿದ್ದೆ ನಾ. ಅವತ್ತ ಕೈಯಾಡಿಸಿದ ಕೂಡ್ಲೇ ಗೊತ್ತಾತು. ಅದು ಹ್ಯಾಂಗ ಕೂಡತೈತಿ?"

ಹೇಗೆ ಕೂಡಿತು ಎಂದು ನಾನೂ ಅಂದಿನಿಂದ ಕೇಳುತ್ತಲೇ ಇದ್ದೇನೆ. ಬೆಳಕಿನ ಆಟ ಎಂದವರುಂಟು, ನನ್ನ ಕಣ್ಣಿನ ಭ್ರಮೆ ಎಂದವರುಂಟು. ಮೊದಲ ದಿನದ ಫೋಟೋ ತೋರಿಸಿದರೆ ಮೊಬೈಲನ್ನು ಹತ್ತಿರ ಹಿಡಿದು ನೋಡುತ್ತಾರೆ. ಆ ಸ್ಲ್ಯಾಬುಗಳು ಈಗಲೂ ಆ ಗೋಡೆಯಲ್ಲಿವೆ. ಕಾಕಾ ಮಾತ್ರ ಮತ್ತೆ ಬರಲಿಲ್ಲ. ಅವರೇನಾದರೂ ಅಂದು "ನಾ ಸರಿಯಾಗೇ ಮಾಡಿದ್ದೆ" ಎಂದಿದ್ದರೆ, ನನ್ನ ಕಣ್ಣು ಮೋಸ ಹೋಯಿತೆಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವರು ಹಾಗೆನ್ನಲಿಲ್ಲ. ಫೋನ್ ಇಡುವ ಮೊದಲು ಮೆಲ್ಲಗೆ ಇಷ್ಟು ಹೇಳಿದರು:

"ನೀ ಬೈದದ್ದು ಖರೇನ ಐತಿ ತಮ್ಮಾ. ಆದ್ರ ಅಷ್ಟು ಮಂದಿ ಮುಂದ ಬೈಬಾರ್ದಿತ್ತು."

ಡಾಕ್ಟರು ಎದುರಿಗೇ ನಿಂತಿದ್ದರು. ನಾನು ಅತ್ತುಬಿಟ್ಟೆ.