ಒತ್ತಿಗೆ ಸಿಕ್ಕಿ ಸಣ್ಣಗಾದ ರೊಟ್ಟಿ

ಪೀಣ್ಯದಲ್ಲಿ ನಾನು ಕೆಲಸ ಮಾಡುವುದು ಅಂಗಡಿ ಬೋರ್ಡುಗಳಿಗೆ ಅಕ್ಷರ ಕತ್ತರಿಸಿಕೊಡುವ ಶೆಡ್ಡಿನಲ್ಲಿ. ಕಂಪ್ಯೂಟರಿನಲ್ಲಿ ನಾನು ಅಕ್ಷರ ಕೂರಿಸಿ ಅಳತೆ ಕೊಡುತ್ತೇನೆ. ಆ ಗೆರೆ ಹಿಡಿದು ಲೇಸರ್ ಯಂತ್ರ ಅಕ್ರಿಲಿಕ್ ಹಾಳೆಯನ್ನು ಕೊಯ್ಯುತ್ತದೆ. ಅಳತೆಯ ವಿಷಯದಲ್ಲಿ ನನಗೆ ಸ್ವಲ್ಪ ಜಂಬವೇ ಇದೆ. ಇರಲಿ ಬಿಡಿ, ಸುಮ್ಮನೆ ಬಂದದ್ದಲ್ಲ.

ಒಮ್ಮೆ ವಿಜಯಪುರ ಕಡೆಯ ಅಕ್ಕ ಒಬ್ಬರು ಬಾಗಲಗುಂಟೆಯಲ್ಲಿ ಖಾನಾವಳಿ ತೆರೆಯಲು ಹೊರಟು, ‘ಜೋಳದ ರೊಟ್ಟಿ’ ಎಂಬ ಎರಡೇ ಪದದ ಬೋರ್ಡು ಕೇಳಿದರು. ಕಾರ್ಖಾನೆ ಬಿಟ್ಟು ಬರುವ ಅವರ ಕಡೆಯ ಹುಡುಗರಿಗೆ ಅದು ರಸ್ತೆಯ ಆಚೆ ಬದಿಯಿಂದಲೇ ಕಾಣಬೇಕು. ಕಾಣದಿದ್ದರೆ ಅವರು ಎಂದಿನಂತೆ ಅನ್ನ ಸಾಂಬಾರಿನ ಹೋಟೆಲಿಗೆ ಹೋಗಿಬಿಡುತ್ತಾರೆ ಎಂಬುದೇ ಅಕ್ಕನ ಚಿಂತೆ. ಮಾರನೆಯ ದಿನವೇ ಪೂಜೆ. ಒಂಬತ್ತು ಇಂಚಿನ ಅಕ್ಷರ ಹಿಡಿಯುವಷ್ಟು ತಗಡಿನ ಪಟ್ಟಿಯನ್ನು ನಮ್ಮ ಓನರ್ ಆಗಲೇ ಬಾಗಿಲ ಮೇಲೆ ಕೂರಿಸಿ ಬಂದಿದ್ದರು.

ಅವಸರದಲ್ಲಿ ಅವರೇ ಕಂಪ್ಯೂಟರಿನ ಮುಂದೆ ಕೂತು, ಒಂದೊಂದು ಪದಕ್ಕೂ ಎತ್ತರ ಒಂಬತ್ತು ಎಂದು ಕೊಟ್ಟು ಕಾಗದದ ಮೇಲೆ ಪ್ರಿಂಟ್ ತೆಗೆದರು. ಇಂಗ್ಲಿಷ್ ದೊಡ್ಡಕ್ಷರಕ್ಕೆ ಅದು ನಡೆಯುತ್ತದೆ. ಕನ್ನಡಕ್ಕೆ ಒತ್ತು ಇದೆಯಲ್ಲ! ಸಾಫ್ಟ್‌ವೇರ್ ರೊಟ್ಟಿಯನ್ನು ತಲೆಯಿಂದ ಹಿಡಿದು ಒತ್ತಿನ ಪಾದದವರೆಗೂ ಅಳೆದು, ಎಲ್ಲವನ್ನೂ ಒಂಬತ್ತು ಇಂಚಿನೊಳಗೆ ತುರುಕಿತ್ತು.

“ಇದೇನ್ರೀ, ಜ್ವಾಳ ದೊಡ್ಡದು, ರೊಟ್ಟಿ ಸಣ್ಣದು! ನಾ ಏನ್ ಜ್ವಾಳ ಮಾರಾಕ ಕುಂತೀನೇನ್ರೀ?” ಎಂದರು ಪಕ್ಕದಲ್ಲೇ ನಿಂತು ಪ್ರಿಂಟ್ ನೋಡಿದ ಅಕ್ಕ.

“ಎರಡನ್ನೂ ಸೇರ್ಸಿ ಒಂಬತ್ತಕ್ಕೆ ಇಳ್ಸಮ್ಮ, ಸಮ ಆಗ್ತವೆ,” ಎಂದು ಓನರ್ ನನಗೆ ಕುರ್ಚಿ ಬಿಟ್ಟರು.

“ಸಮ ಏನೋ ಆಗ್ತವೆ ಸಾರ್, ಆದ್ರೆ ಎರಡೂ ಸಣ್ಣ ಆಗ್ತವೆ. ರೋಡಿನ ಆಚೆಯಿಂದ ಯಾರಿಗೆ ಕಾಣ್ಸುತ್ತೆ?”

ನನಗೆ ಸಿಟ್ಟು ಬಂದಿತ್ತು. ನಮ್ಮ ಅಕ್ಷರಕ್ಕೆ ಕಾಲಿದೆ ಎಂದು ಗೊತ್ತಿಲ್ಲದ, ಪರದೆಯಲ್ಲಿ ಎತ್ತರ ತುಂಬುವ ಆ ಡಬ್ಬಿಯ ಮೇಲೆ. ಎರಡೂ ಪದಗಳನ್ನು ಓನರ್ ಎತ್ತರ ಕೊಡುವ ಮೊದಲಿದ್ದ ಗಾತ್ರಕ್ಕೆ ತಂದೆ. ಒತ್ತನ್ನು ಬಿಟ್ಟು ಬರೀ ಅಕ್ಷರದ ಮೈಗೆ ಒಂದು ಚೌಕ ಎಳೆದೆ. ಆ ಚೌಕ ಒಂಬತ್ತು ಇಂಚಾಗಲು ಶೇಕಡಾ ಎಷ್ಟು ಹಿಗ್ಗಬೇಕೋ, ಅಷ್ಟನ್ನೇ ಎರಡೂ ಪದಗಳಿಗೆ ಕೊಟ್ಟೆ. ಮೈ ಸಮವಾಯಿತು. ಒತ್ತು ಮಾತ್ರ ಪಟ್ಟಿಯಿಂದ ಕೆಳಗೆ ಇಳಿದುಬಿಟ್ಟಿತು. ಅಂಟಿಸೋಣವೆಂದರೆ ಅದರ ಹಿಂದೆ ತಗಡೇ ಇಲ್ಲ.

“ಗಾಳೀಲಿ ನಿಲ್ಲುತ್ತೇನಮ್ಮಾ ಅದು?”

“ಗಾಳೀಲಿ ಯಾಕೆ ಸಾರ್, ಮೇಲಿನ ಅಕ್ಷರ ಹಿಡ್ಕೊಳ್ಳುತ್ತೆ.”

ಒತ್ತನ್ನು ಮೇಲಕ್ಕೆ ಸರಿಸಿ ಅಕ್ಷರದ ಹೊಟ್ಟೆಗೆ ತಾಗಿಸಿ, ಎರಡನ್ನೂ ಬೆಸೆದು ಒಂದೇ ಆಕಾರ ಮಾಡಿದೆ. ಸೇರುವ ಜಾಗಕ್ಕೆ ಹೆಬ್ಬೆರಳಿನಷ್ಟು ಅಗಲ ಕೊಟ್ಟೆ. ಬಿದ್ದರೆ ನಿನ್ನ ಜವಾಬ್ದಾರಿ ಎಂದರು ಓನರ್. ನಂದೇ ಸಾರ್, ಎಂದೆ.

ಮರುದಿನ ಪೂಜೆಗೆ ಹೋದೆ. ಪಟ್ಟಿಯ ಕೆಳಗೆ ಒತ್ತು ಜುಮಕಿಯ ಹಾಗೆ ಇಳಿಬಿದ್ದಿತ್ತು, ಗಟ್ಟಿಯಾಗಿಯೇ ಇತ್ತು. ಅಕ್ಕ ಬೋರ್ಡು ನೋಡಲಿಲ್ಲ, ರಸ್ತೆಯನ್ನೇ ನೋಡುತ್ತಿದ್ದರು. ಶಿಫ್ಟ್ ಬಿಟ್ಟಿತು. ಮೊದಲ ಗುಂಪು ಮಾತಾಡಿಕೊಂಡು ಮುಂದೆ ಹೋಯಿತು. ಅಕ್ಕನ ಮುಖ ಬಾಡಿತು.

ಆಮೇಲೆ ಬಂದವರಲ್ಲಿ ಒಬ್ಬ ಆಚೆ ಬದಿಯಲ್ಲೇ ನಿಂತುಬಿಟ್ಟ. “ಏ ದೋಸ್ತ, ರೊಟ್ಟಿ ಐತಲೇ ಇಲ್ಲೆ!” ಎಂದು ಕೂಗಿ, ಸ್ಕೂಟರುಗಳ ನಡುವೆ ನುಸುಳಿಕೊಂಡು ಬಂದು, ಮೆಟ್ಟಿಲ ಮೇಲೆ ಚಪ್ಪಲಿ ಬಿಡುತ್ತಾ ಕೇಳಿದ:

“ಅಕ್ಕಾ, ಜ್ವಾಳದ್ದೋ, ಸಜ್ಜಿದ್ದೋ?”