ಬಿಳಿ ಐತಿ ಅಂತ ಹೇಳ್ರಿ

ನನ್ನ ಕ್ಯಾಮೆರಾದ ನೆತ್ತಿಯ ಮೇಲೆ, ಚಿತ್ರ ತೆಗೆಯುವ ಗುಂಡಿಯ ಪಕ್ಕದಲ್ಲಿ, ಇನ್ನೊಂದು ಪುಟ್ಟ ಗುಂಡಿಯಿದೆ. ಅದರ ಮೇಲೆ ಕೂಡುವ ಮತ್ತು ಕಳೆಯುವ ಚಿಹ್ನೆಗಳಿದ್ದವು. ಇಂದು ಬೆಳಿಗ್ಗೆ ಒರೆಸುವಾಗ ನೋಡಿದೆ, ಬೆರಳು ತಾಗಿ ತಾಗಿ ಎರಡೂ ಅಳಿಸಿಹೋಗಿವೆ. ಚಿತ್ರಕ್ಕೆ ಬೆಳಕು ಕೂಡುವ, ಕಳೆಯುವ ಗುಂಡಿ ಇದು; ಕ್ಯಾಮೆರಾದ ಜೊತೆ ಬಂದ ಪುಸ್ತಿಕೆ ಇದನ್ನು ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಎನ್ನುತ್ತದೆ. ಕೊಂಡ ಮೇಲೆ ಎರಡು ವರ್ಷ ನಾನು ಇದನ್ನು ಮುಟ್ಟಿರಲಿಲ್ಲವೆಂದರೆ ನೀವು ನಗಬಹುದು. ಕೂಡುವ ಕಳೆಯುವ ಚಿಹ್ನೆಗಳಿಗೆ ಹೆದರಿದ ಗಣಿತದ ಮಾಸ್ತರ ನಾನೊಬ್ಬನೇ ಇರಬೇಕು.

ಹೆದರಿಕೆ ಬಿಡಿಸಿದವರು ನೇಸರಗಿಯ ಶಾಂತಾ ಆಯಿ, ನನ್ನ ಹಳೆಯ ವಿದ್ಯಾರ್ಥಿನಿ ಸುಜಾತಾಳ ಅಜ್ಜಿ. ಬೌದ್ಧರ ಮನೆ, ಮದುವೆಗೆ ಬಿಳಿಯನ್ನೇ ಉಡುತ್ತಾರೆ. ಬಹುಕಾಲ ಹೊಲಿಗೆ ಯಂತ್ರ ತುಳಿದ ಆಯಿ, ಮೊಮ್ಮಗಳ ಮದುವೆ ಸೀರೆಯ ಸೆರಗಿಗೆ ಬಿಳಿ ನೂಲಿನಲ್ಲೇ ಮಲ್ಲಿಗೆ ಮೊಗ್ಗು ಹಾಕಿದ್ದರು. ಬಿಳಿಯ ಮೇಲೆ ಬಿಳಿ. ಹತ್ತಿರ ಹೋದರಷ್ಟೇ ಕಾಣುವಂಥವು.

ಮದುವೆಯ ದಿನ ಸುಣ್ಣ ಬಳಿದ ಗೋಡೆಯ ಮುಂದೆ ಸುಜಾತಾಳನ್ನು ನಿಲ್ಲಿಸಿ ಮೊದಲ ಚಿತ್ರ ತೆಗೆದು, ಕ್ಯಾಮೆರಾದ ಪರದೆಯನ್ನು ಆಯಿಗೆ ತೋರಿಸಿದೆ.

“ಯಾರ ಸೀರಿ ಇದು, ಮಾಸ್ತರ?”

“ಸುಜಾತಾಂದ ರೀ, ಆಯಿ.”

“ನಾ ಮೊಗ್ಗಿ ಹಾಕಿದ್ದು ಬಿಳಿ ಸೀರಿಗೆ. ಇದು ಒಲಿ ಬೂದಿ ಆಗೇತಿ.”

ಬೆಳಕು ಹೆಚ್ಚಾಗಿರಬೇಕೆಂದುಕೊಂಡು ಅಂದು ಮೊದಲ ಬಾರಿಗೆ ಆ ಗುಂಡಿ ಒತ್ತಿ ಹಿಡಿದು, ಬೆರಳ ಬಳಿಯ ಹಲ್ಲಿನ ಚಕ್ರ ತಿರುಗಿಸಿ ಬೆಳಕು ಕಳೆದೆ. ಸೀರೆ ಬೂದಿಯಿಂದ ಹೊಗೆಗೆ ಇಳಿಯಿತು. “ಮಾಸ್ತರ ಮದುಮಗಳಿಗೆ ಅಟ್ಟದ ಧೂಳ ಹೊಡದಾರ ನೋಡವಾ!” ಎಂದು ಸುಜಾತಾಳ ಚಿಕ್ಕಮ್ಮ ನಕ್ಕರು.

ಆಯಿ ನಗಲಿಲ್ಲ. ಒಳಗೆ ಕರೆದೊಯ್ದು ಗೋಡೆಯ ಮೇಲಿದ್ದ ತಮ್ಮ ಮದುವೆಯ ಕಪ್ಪು-ಬಿಳುಪು ಚಿತ್ರ ತೋರಿಸಿದರು. ಅದರಲ್ಲೂ ಸೀರೆ ಬೂದು.

“ಬೌದ್ಧರಾದ ಮ್ಯಾಲ ನಮ್ಮ ಮನಿತನದಾಗ ಬಿಳಿ ಉಟ್ಟು ಮದವಿ ಆದಾಕಿ ನಾನ ಮೊದಲು. ಬಂದವರೆಲ್ಲಾ ಕೇಳ್ತಾರ, ಸೀರಿ ಹಸರೋ ಕೆಂಪೋ ಅಂತ. ಹೇಳಿ ಹೇಳಿ ಸಾಕಾಗೇತಿ. ಇಕಿಗೂ ಹಂಗ ಆಗಬಾರದು, ಮಾಸ್ತರ.”

ಪುಸ್ತಿಕೆಯಲ್ಲಿ ಓದಿ ಮರೆತದ್ದು ಆಗ ನೆನಪಾಯಿತು. ಲೋಕವೆಲ್ಲ ನಸುಬೂದು ಎಂದೇ ಕ್ಯಾಮೆರಾದ ತಿಳಿವಳಿಕೆ. ಎದುರಿಗೆ ಬರೀ ಬಿಳಿ ಬಂದರೆ, ಬೆಳಕು ಹೆಚ್ಚಾಯಿತೆಂದು ತಾನೇ ತಗ್ಗಿಸುತ್ತದೆ. ಆಯಿಗೆ ಇದನ್ನು ವಿವರಿಸಿದೆ.

“ಅಂದ್ರ ಅದಕ್ಕ ಬಿಳಿ ಮ್ಯಾಲ ನಂಬಿಕಿ ಇಲ್ಲ. ಬಿಳಿ ಐತಿ ಅಂತ ಹೇಳ್ರಿ ಅದಕ್ಕ!”

ಆ ಗುಂಡಿ ಇರುವುದೇ ಹಾಗೆ ಹೇಳಲು. ಹೊರಗೆ ಬಂದು, ಗುಂಡಿ ಒತ್ತಿ ಹಿಡಿದು ಚಕ್ರವನ್ನು ಸೊನ್ನೆಗೆ ತಂದು, ಅಲ್ಲಿಂದ ಕೂಡುವ ಕಡೆಗೆ ಮೂರು ಹಲ್ಲು ತಿರುಗಿಸಿದೆ. ಸೀರೆ ಬೆಳ್ಳಗಾಯಿತು. ಆಸೆಗೆ ಬಿದ್ದು ಇನ್ನೂ ಮೂರು ತಿರುಗಿಸಿದೆ. ಸೀರೆ, ಗೋಡೆ ಒಂದೇ ಆದವು.

“ಅಷ್ಟ ಜೋರಾಗಿ ಹೇಳಬ್ಯಾಡ್ರಿ! ನನ್ನ ಮೊಗ್ಗಿ ಎಲ್ಲಿ ಹೋದ್ವು?”

ಎರಡು ಹಲ್ಲು ಹಿಂದೆ ಬಂದೆ. ಆಯಿ ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗಿಸಿ ಮೊಗ್ಗು ಎಣಿಸಿದರು. ಹನ್ನೊಂದು. “ಈಗ ಖರೇ ಬಂತು” ಎಂದರು.

ಆ ಸಂಭ್ರಮದಲ್ಲಿ ಚಕ್ರವನ್ನು ಸೊನ್ನೆಗೆ ತರುವುದನ್ನೇ ಮರೆತೆ. ಊಟದ ಪಂಕ್ತಿಯಲ್ಲಿ ಆಯಿಯ ತಮ್ಮನ ಹೊಸ ಕರಿ ಕೋಟು ಹತ್ತು ವರ್ಷ ಒಗೆದಂತೆ ಬಂತು. “ಇದು ಕರೇದೈತಿ ಅಂತ ಯಾರ ಹೇಳಾವ್ರು ಅದಕ್ಕ?” ಎಂದರು ಅವರು, ಹೋಳಿಗೆ ಮುರಿಯುತ್ತ.

ಅದಾಗಿ ವರ್ಷಗಳ ಮೇಲೆ, ತಮ್ಮದೂ ಒಂದು ಚಿತ್ರ ಬೇಕೆಂದು ಇಂದು ಆಯಿ ಕರೆಸಿದ್ದರು. ಹೋದರೆ, ತಮ್ಮ ಮದುವೆಯ ಸೀರೆ ಉಟ್ಟು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದಾರೆ. ಪೆಟ್ಟಿಗೆಯಲ್ಲಿ ಇದ್ದೂ ಇದ್ದೂ ಸೀರೆ ಹಳದಿಗಟ್ಟಿದೆ. ಬೆಳಕು ಕೂಡುತ್ತ ಹೋದರೆ ಆ ಹಳದಿ ತೊಳೆದುಹೋಗುತ್ತದೆಂದು ನಾನೀಗ ಬಲ್ಲೆ. ಹುರುಪಿನಿಂದ ಚಕ್ರ ತಿರುಗಿಸತೊಡಗಿದೆ.

“ಏನ ಹೇಳಾಕ ಹತ್ತೀರಿ ಅದಕ್ಕ?”

“ಬಿಳಿ ಅಂತ, ಆಯಿ.”

“ಸುಳ್ಳ ಹೇಳಬ್ಯಾಡ್ರಿ. ಈಗ ಹಳದಿ ಆಗೇತಿ, ಹಳದೀನ ಬರಲಿ. ಕೆಂಪು ಸೀರಿ ಹಿಂಗ ಆಗತಿತ್ತೇನು, ಹಸರು ಆಗತಿತ್ತೇನು? ಬಿಳಿ ಇದ್ದಿದ್ದಕ್ಕನ ಹಳದಿ ಆಗೇತಿ.”

ಚಕ್ರವನ್ನು ಹಿಂದಕ್ಕೆ ತಂದೆ, ಒಂದೊಂದೇ ಹಲ್ಲು, ಪ್ರತಿ ಸಲವೂ ಅವರಿಗೆ ತೋರಿಸುತ್ತ. ಆಯಿ ಹೂಂ ಎಂದ ಮೇಲೆಯೇ ನಿಲ್ಲಿಸಿದೆ.